ಬೇರೆಯವರ ಮಾತು ಕೇಳಿ ಜೋಡಿಸಿದ ಕಂಪ್ಯೂಟರ್

ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಒಂದೇ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಬಗ್ಗೆ ನನ್ನ ನೋಟ್‌ಬುಕ್‌ನಲ್ಲಿ ಎರಡು ಸಾಲುಗಳಿವೆ. ಮೊದಲನೆಯದು: "8 ಜಿಬಿ ಸಾಕು. ಒಂದೂವರೆ ವರ್ಷದಿಂದ ಬಳಸ್ತಿದ್ದೀನಿ, ಒಂದು ದಿನವೂ ತೊಂದರೆ ಆಗಿಲ್ಲ." ಎರಡನೆಯದು: "8 ಜಿಬಿದು ಬೇಡವೇ ಬೇಡ. ಕೆಲಸ ಅರ್ಧಕ್ಕೇ ನಿಂತು ಹೋಗುತ್ತೆ." ಎರಡನ್ನೂ ಬರೆದುಕೊಂಡಿದ್ದು ಒಂದೇ ದಿನ. ಇಬ್ಬರೂ ಆ ಕಾರ್ಡನ್ನು ಸ್ವಂತ ದುಡ್ಡು ಹಾಕಿ ತಂದವರು. ಇಬ್ಬರೂ ನನಗೆ ಚೆನ್ನಾಗಿ ಗೊತ್ತು, ಸುಳ್ಳು ಹೇಳುವವರಲ್ಲ.

ನಾನು ಮಕ್ಕಳಿಗಾಗಿ ವಿಜ್ಞಾನ ಪಾಠಗಳ ವಿಡಿಯೋ ಮಾಡುತ್ತೇನೆ. ಚಿತ್ರೀಕರಣ, ಎಡಿಟಿಂಗ್, ದನಿ ಕೊಡುವುದು ಎಲ್ಲವೂ ಒಂದೇ ಕೋಣೆಯಲ್ಲಿ. ಹಳೆಯ ಕಂಪ್ಯೂಟರ್ ಸೋತು ಹೋಗಿತ್ತು. ಟೈಮ್‌ಲೈನ್ ಮೇಲೆ ಎರಡು ವಿಡಿಯೋ ಒಟ್ಟಿಗೆ ಇಟ್ಟರೆ ಚಿತ್ರ ತಡವರಿಸಿ ತಡವರಿಸಿ ಓಡುತ್ತಿತ್ತು. ಹೊಸದನ್ನು ನಾನೇ ಬಿಡಿಭಾಗ ಆರಿಸಿ ಜೋಡಿಸುತ್ತೇನೆ ಅಂತ ತೀರ್ಮಾನ ಮಾಡಿದೆ. ಆದರೆ ಯಾವ ಭಾಗ ತರಬೇಕು? ಡಬ್ಬದ ಮೇಲೆ ಬರೆದಿರುವ ಅಂಕಿಗಳಿಗಿಂತ ಬಳಸಿದವರ ಮಾತು ಮೇಲು ಅನ್ನಿಸಿತು. ಗೆಳೆಯರು, ಸಹೋದ್ಯೋಗಿಗಳು, ಅವರಿಗೆ ಪರಿಚಯದವರು, ಹೀಗೆ ಸಿಕ್ಕವರನ್ನೆಲ್ಲ ಕೇಳಿದೆ. ಕೇಳಿದಷ್ಟೂ ಗೊಂದಲ ಜಾಸ್ತಿಯಾಯಿತು.

ಆ ಎರಡು ಸಾಲುಗಳ ಗಂಟು ಬಿಡಿಸಿದ್ದು ನನ್ನ ತಮ್ಮ. "ಅಕ್ಕ, ಅವರು ಆ ಕಾರ್ಡಲ್ಲಿ ಏನ್ ಮಾಡ್ತಾರೆ ಅಂತ ಕೇಳಿದ್ಯಾ?" ಅಂದ. ಕೇಳಿರಲಿಲ್ಲ. ಇಬ್ಬರಿಗೂ ಮತ್ತೆ ಫೋನ್ ಮಾಡಿದೆ. ಮೊದಲನೆಯವರು 1080ಪಿ ಮಾನಿಟರ್‌ನಲ್ಲಿ ಗೇಮ್ ಆಡುತ್ತಾರೆ, ಅದೂ ಸ್ವಲ್ಪ ಹಳೆಯ ಗೇಮ್‌ಗಳು. ಎರಡನೆಯವರು ತ್ರೀಡಿ ದೃಶ್ಯಗಳನ್ನು ರೆಂಡರ್ ಮಾಡುತ್ತಾರೆ, ಅಂದರೆ ಮಾದರಿಯಿಂದ ಅಂತಿಮ ಚಿತ್ರ ತೆಗೆಯುತ್ತಾರೆ. ಅಲ್ಲಿ ದೃಶ್ಯದ ಎಲ್ಲ ಆಕಾರ, ಎಲ್ಲ ಟೆಕ್ಸ್ಚರ್ (ಮೇಲ್ಮೈಯ ಚಿತ್ರ) ಕಾರ್ಡಿನ ಮೆಮೊರಿಯಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ವಿಪರೀತ ನಿಧಾನ, ಇಲ್ಲವೇ ರೆಂಡರ್ ನಿಂತೇ ಹೋಗುತ್ತದೆ. ಇಬ್ಬರ ಮಾತೂ ನಿಜವೇ. ಅವತ್ತಿನಿಂದ ನೋಟ್‌ಬುಕ್‌ನಲ್ಲಿ ಪ್ರತಿ ಅಭಿಪ್ರಾಯದ ಪಕ್ಕ ಮೂರು ವಿಷಯ ಬರೆಯತೊಡಗಿದೆ. ಯಾವ ಕೆಲಸಕ್ಕೆ, ಎಷ್ಟು ದಿನದಿಂದ, ಜೊತೆಗೆ ಏನೇನಿದೆ. ಈ ಮೂರೂ ಗೊತ್ತಿಲ್ಲದ ಸಾಲುಗಳನ್ನು ಹೊಡೆದು ಹಾಕಿದೆ. ಅರ್ಧ ಪುಸ್ತಕ ಖಾಲಿಯಾಯಿತು.

ನಾನು ಕೊನೆಗೆ ತಂದಿದ್ದು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಟಿಐ, 16 ಜಿಬಿಯದು. ಇದರ 8 ಜಿಬಿ ಆವೃತ್ತಿಯಲ್ಲೂ ಇರುವುದು ಇದೇ ಚಿಪ್. ಮೆಮೊರಿ ತುಂಬದ ಕೆಲಸದಲ್ಲಿ ಎರಡೂ ಹೆಚ್ಚೂಕಡಿಮೆ ಒಂದೇ. ಹಾಗಾಗಿ "16 ಜಿಬಿ ತಗೊಂಡು ದುಡ್ಡು ದಂಡ" ಅನ್ನುವವರ ಮಾತಲ್ಲೂ ಹುರುಳಿದೆ. ನನಗೆ ಮಾತ್ರ ದಂಡವಾಗಲಿಲ್ಲ. ಮಬ್ಬು ಬೆಳಕಿನಲ್ಲಿ ತೆಗೆದ 4ಕೆ ವಿಡಿಯೋದ ಮೇಲೆ ನಾಯ್ಸ್ ತೆಗೆಯುವ ಎಫೆಕ್ಟ್ ಹಾಕಿದರೆ ಮೆಮೊರಿ ಬಳಕೆ 8 ಜಿಬಿಯನ್ನು ಸಲೀಸಾಗಿ ದಾಟುತ್ತದೆ. ಅದನ್ನು ನನ್ನ ಸ್ಕ್ರೀನ್ ಮೇಲೇ ದಿನಾ ನೋಡುತ್ತೇನೆ.

ಪ್ರೊಸೆಸರ್ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮ ಎದುರಾಯಿತು. ವಿಡಿಯೋ ಕೆಲಸವನ್ನೇ ಮಾಡುವ ಗೆಳತಿಯೊಬ್ಬಳು "ಎಡಿಟಿಂಗ್‌ಗೆ ಇಂಟೆಲ್ ಬಿಟ್ಟು ಬೇರೆ ನೋಡಬೇಡ" ಅಂದಿದ್ದಳು. ಕೆಲಸ ಒಂದೇ, ಅನುಭವ ನನಗಿಂತ ಜಾಸ್ತಿ. ಕಣ್ಣು ಮುಚ್ಚಿ ಒಪ್ಪಬಹುದಿತ್ತು ಅಲ್ವಾ? ಆದರೂ ಕಾರಣ ಕೇಳಿದೆ. ಅವಳ ಕ್ಯಾಮೆರಾ 10 ಬಿಟ್, 4:2:2 ಎಚ್‌ಇವಿಸಿ ಎಂಬ ಒತ್ತಿ ಕುಗ್ಗಿಸಿದ ವಿಡಿಯೋ ಫೈಲ್ ಕೊಡುತ್ತದೆ. ಅಂದರೆ ಬಣ್ಣದ ಮಾಹಿತಿ ಮಾಮೂಲಿ 4:2:0 ಫೈಲ್‌ಗಿಂತ ಎರಡು ಪಟ್ಟು. ಇಂಥ ಫೈಲನ್ನು ಬಿಡಿಸಿ ತೋರಿಸುವ ಸರ್ಕ್ಯೂಟ್ ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ 11ನೇ ತಲೆಮಾರಿನಿಂದಲೇ ಇದೆ. ಎನ್‌ವಿಡಿಯಾದಲ್ಲಿ ಅದು ಬಂದಿದ್ದು 50ರ ಸರಣಿಯ ಕಾರ್ಡ್‌ಗಳಲ್ಲಿ. ನಾನು ಆರಿಸಿದ 40ರ ಸರಣಿಯಲ್ಲಿ ಇಲ್ಲ. ಅವಳ ಫೈಲ್ ನನ್ನ ಕಾರ್ಡಿನಲ್ಲಿ ಹಾಕಿದ್ದರೆ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತಿತ್ತು. ಆದರೆ ನನ್ನ ಕ್ಯಾಮೆರಾ ಕೊಡುವುದು 8 ಬಿಟ್ 4:2:0. ಅದನ್ನು ಯಾವ ಕಾರ್ಡ್ ಬೇಕಾದರೂ ಬಿಡಿಸುತ್ತದೆ. ಅವಳಿಗೆ ಅಷ್ಟು ಮುಖ್ಯವಾಗಿದ್ದ ಕಾರಣ ನನ್ನ ಮಟ್ಟಿಗೆ ಇರಲೇ ಇಲ್ಲ.

ಹಾಗಾಗಿ ಇಂಟೆಲ್ ಬಿಟ್ಟು, ಇನ್ನೊಂದು ಕಂಪನಿಯಾದ ಎಎಂಡಿಯ ರೈಜೆನ್ 7 7700 ಪ್ರೊಸೆಸರ್ ತಂದೆ. 8 ಕೋರ್ (ಲೆಕ್ಕ ಮಾಡುವ ಘಟಕ), 16 ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸದ ಎಳೆ), 65 ವಾಟ್. ಇಲ್ಲಿ ಆ 65 ಬಗ್ಗೆ ಒಂದು ಮಾತು ಹೇಳಲೇಬೇಕು. ಪೂರ್ತಿ ಕೆಲಸ ಕೊಟ್ಟಾಗ ಇದು 88 ವಾಟ್‌ವರೆಗೆ ಎಳೆಯುತ್ತದೆ, ಎಎಂಡಿ ಇಟ್ಟಿರುವ ಮಿತಿಯೇ ಅದು. 105 ವಾಟ್ ಅಂತ ಬರೆದಿರುವ 7700ಎಕ್ಸ್‌ಗೆ ಮಿತಿ 142 ವಾಟ್. ಇದು ಗೊತ್ತಿಲ್ಲದೆ ಚಿಕ್ಕ ಕೂಲರ್ (ಪ್ರೊಸೆಸರ್ ತಣ್ಣಗಿಡುವ ಫ್ಯಾನ್) ಹಾಕಿ, ಆಮೇಲೆ ಪ್ರೊಸೆಸರ್ ಸರಿಯಿಲ್ಲ ಅಂತ ಬೈದವರ ಮಾತುಗಳೂ ನನ್ನ ನೋಟ್‌ಬುಕ್‌ನಲ್ಲಿದ್ದವು.

"ಎಷ್ಟು ದಿನದಿಂದ" ಅನ್ನುವ ಪ್ರಶ್ನೆ ಯಾಕೆ ಬೇಕು ಅನ್ನುವುದಕ್ಕೆ ದೊಡ್ಡ ಉದಾಹರಣೆ ಎಲ್ಲರ ಕಣ್ಣ ಮುಂದೆಯೇ ಇದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಬಗ್ಗೆ ಮೊದಮೊದಲು ವೇಗದ ಹೊಗಳಿಕೆಯೇ ಹೆಚ್ಚಿತ್ತು. ಬಳಸುತ್ತಾ ಹೋದಂತೆ ಕೆಲವು ಪ್ರೊಸೆಸರ್‌ಗಳು ಅಸ್ಥಿರವಾದವು. ವೋಲ್ಟೇಜ್ ಜಾಸ್ತಿ ಹೋಗುತ್ತಿದ್ದದ್ದು ಕಾರಣ ಅಂತ 2024ರಲ್ಲಿ ಕಂಪನಿಯೇ ಒಪ್ಪಿತು. ಆಗಸ್ಟ್‌ನಲ್ಲಿ 0ಎಕ್ಸ್129 ಎಂಬ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ತಿದ್ದುಪಡಿ ಬಂತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಮೊದಲ ತಿಂಗಳು ಹೊಗಳಿದವರು ತಪ್ಪು ಹೇಳಿರಲಿಲ್ಲ. ಅವರು ನೋಡಿದ್ದೇ ಅಷ್ಟು ದಿನ.

ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್ ಬಗ್ಗೆ ಜನ ಹೇಳುವುದು ಹೆಚ್ಚಾಗಿ ಅಂದ ಚಂದ, ಲೈಟು. ನನಗೆ ಉಪಯೋಗಕ್ಕೆ ಬಂದ ಮಾತು ಒಂದೇ ಒಂದು. ಅದು ಎಸ್‌ಎಸ್‌ಡಿ, ಅಂದರೆ ಫೈಲ್‌ಗಳನ್ನು ಇಡುವ ಡ್ರೈವ್, ಕೂರುವ ಜಾಗದ್ದು. ಸಹೋದ್ಯೋಗಿಯೊಬ್ಬರು, "ಎಸ್‌ಎಸ್‌ಡಿ ಸ್ಲಾಟ್ ಎಲ್ಲಿದೆ ನೋಡ್ಕೊಳ್ಳಿ. ನಂದು ಗ್ರಾಫಿಕ್ಸ್ ಕಾರ್ಡ್ ಕೆಳಗಿದೆ. ಅದನ್ನು ಬದಲಾಯಿಸೋಕೆ ಕಾರ್ಡ್ ಪೂರ್ತಿ ಬಿಚ್ಚಬೇಕು" ಅಂದಿದ್ದರು. ಮುಖ್ಯ ಸ್ಲಾಟ್ ಕಾರ್ಡಿನ ಮೇಲ್ಗಡೆ ಇರುವ, ನನ್ನ ಪ್ರೊಸೆಸರ್‌ಗೆ ಹೊಂದುವ ಬಿ650 ಬೋರ್ಡ್ ಹುಡುಕಿ ತಂದೆ. ಎರಡು ಸಲ ಎಸ್‌ಎಸ್‌ಡಿ ಬದಲಾಯಿಸುವ ಕೆಲಸ ಬಂತು. ಎರಡು ಸಲವೂ ಅವರನ್ನು ನೆನೆಸಿಕೊಂಡೆ.

ಎಸ್‌ಎಂಪಿಎಸ್‌ಗೆ, ಅಂದರೆ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಡಬ್ಬಕ್ಕೆ, ಸಿಕ್ಕ ಸಲಹೆಗಳೆಲ್ಲ ಹೆದರಿಕೆಯಿಂದ ಬಂದವು. "ಸಾವಿರ ವಾಟ್ ಹಾಕಿ, ತಲೆನೋವೇ ಇರಲ್ಲ" ಅಂತ ಮೂರು ಜನ ಹೇಳಿದರು. ಕೂಡಿ ನೋಡಿದೆ. ಪ್ರೊಸೆಸರ್ 88, ಕಾರ್ಡ್ 165, ಉಳಿದ ಡಿಸ್ಕು, ಫ್ಯಾನು, ಬೋರ್ಡಿಗೆ ಧಾರಾಳವಾಗಿ 70 ಇಟ್ಟರೂ ಒಟ್ಟು 330ರ ಒಳಗೇ. ಕಾರ್ಡ್ ಕ್ಷಣಮಾತ್ರ ಜಾಸ್ತಿ ಎಳೆಯುವುದಕ್ಕೂ ಜಾಗ ಬಿಟ್ಟು 650 ವಾಟ್ ತಂದೆ. 80 ಪ್ಲಸ್ ಗುರುತಿನ ಗೋಲ್ಡ್ ದರ್ಜೆ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು ಅನ್ನುವ ಮಾತೂ ತುಂಬ ಕೇಳಿದೆ. 80 ಪ್ಲಸ್ ಗುರುತು ಹೇಳುವುದು ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಅನ್ನುವುದನ್ನು. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್ ಇದ್ದಾಗ 90% ದಕ್ಷತೆ ಬಂದರೆ ಗೋಲ್ಡ್. ಒಳಗಿನ ರಕ್ಷಣೆಯ ಸರ್ಕ್ಯೂಟ್‌ಗಳು ಹೇಗಿವೆ, ಹೊರಬರುವ ವೋಲ್ಟೇಜ್ ಎಷ್ಟು ಶುದ್ಧ, ಇವು ಆ ಗುರುತಿನಲ್ಲಿ ಇಲ್ಲ. ಅದಕ್ಕೇ ನಾಲ್ಕು ವರ್ಷ ದಿನಾ ಓಡಿಸಿದವರೊಬ್ಬರ ಮಾತು ಕೇಳಿ ಅದೇ ಮಾದರಿ ತಂದೆ. ಈ ಎಸ್‌ಎಂಪಿಎಸ್ ಇವತ್ತಿಗೂ ಒಂದು ದಿನ ಕೈ ಕೊಟ್ಟಿಲ್ಲ. ಮುಂದೆ ಆದ ಅನಾಹುತಕ್ಕೆ ಕಾರಣ ಅದಲ್ಲ, ನಾನು.

ಜೋಡಿಸಿದ್ದು ಒಂದು ಭಾನುವಾರ. ತಮ್ಮ ಪಕ್ಕದಲ್ಲಿದ್ದ. ಪ್ರೊಸೆಸರ್ ಕೂರಿಸಿ ಅದನ್ನು ಬಿಗಿಯುವ ಸನ್ನೆ (ಲಿವರ್) ಒತ್ತುವಾಗ ಕರಕರ ಸದ್ದಾಗಿ ಎದೆ ಧಸಕ್ಕೆಂದಿತು. ಅದು ಮಾಮೂಲಿ ಅಂತ ಮೊದಲೇ ಕೇಳಿದ್ದರಿಂದ ಕೈ ತೆಗೆಯಲಿಲ್ಲ. ಎರಡು ರ‍್ಯಾಮ್ ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿದೆವು. ಕ್ಯಾಬಿನೆಟ್ ಮುಂಭಾಗ ಜಾಲರಿಯದು. ಗಾಳಿ ಚೆನ್ನಾಗಿ ಆಡುತ್ತದೆ, ಅದರ ಬಗ್ಗೆ ಹೇಳಲು ಬೇರೇನಿಲ್ಲ.

ಸಂಜೆ ಬಟನ್ ಒತ್ತಿದೆ. ಫ್ಯಾನ್‌ಗಳೆಲ್ಲ ತಿರುಗಿದವು, ಸ್ಕ್ರೀನ್ ಕಪ್ಪು. ಒಂದು ನಿಮಿಷ ಕಾದೆ. ಆಫ್ ಮಾಡಿ ರ‍್ಯಾಮ್ ತೆಗೆದು ಹಾಕಿದೆ. ಮತ್ತೆ ಕಪ್ಪು. ಕಾರ್ಡ್ ಬಿಚ್ಚಿದೆ. ಮತ್ತೂ ಕಪ್ಪು. ಕೈ ನಡುಗುತ್ತಿತ್ತು. ಇಷ್ಟು ದಿನ ಕೂಡಿಟ್ಟ ದುಡ್ಡು ನೀರಲ್ಲಿ ಹೋಯಿತು ಅಂತಲೇ ಅಂದುಕೊಂಡೆ. ತಮ್ಮ ಆ ಸಹೋದ್ಯೋಗಿಗೆ ಫೋನ್ ಮಾಡಿದ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊತ್ತು ಕಾದ್ರಿ?" ಡಿಡಿಆರ್5 ಎಂಬ ಹೊಸ ತಲೆಮಾರಿನ ರ‍್ಯಾಮ್ ಬಳಸುವ ಬೋರ್ಡ್‌ಗಳು ಮೊದಲ ಸಲ ಆನ್ ಆದಾಗ ಪ್ರತಿ ರ‍್ಯಾಮ್ ಕಡ್ಡಿಗೂ ಸಿಗ್ನಲ್‌ನ ಸಮಯ ಹೊಂದಿಸಿಕೊಳ್ಳುತ್ತವೆ. ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. ಅದು ಮುಗಿಯುವವರೆಗೆ ಸ್ಕ್ರೀನ್ ಮೇಲೆ ಏನೂ ಬರುವುದಿಲ್ಲ, ಕೆಲವು ನಿಮಿಷ ಹಿಡಿಯಬಹುದು. ನಾನು ಪ್ರತಿ ಸಲವೂ ಅರ್ಧಕ್ಕೆ ನಿಲ್ಲಿಸಿ ಮೊದಲಿನಿಂದ ಶುರು ಮಾಡಿಸುತ್ತಿದ್ದೆ. "ಆನ್ ಮಾಡಿ, ಹತ್ತು ನಿಮಿಷ ಮುಟ್ಟಬೇಡಿ" ಅಂದರು. ಸುಮ್ನೆ ಕೂತೆವು. ಐದನೇ ನಿಮಿಷಕ್ಕೆ ಸ್ಕ್ರೀನ್ ಬೆಳಗಿತು. ನನಗೆ ಹೋದ ಜೀವ ಬಂತು. ಇದೇ ಕಾರಣಕ್ಕೆ ಒಳ್ಳೆಯ ಬೋರ್ಡನ್ನು ಕೆಟ್ಟಿದೆ ಅಂತ ವಾಪಸ್ ಕೊಟ್ಟವರೂ ಇರುತ್ತಾರೆ ಅಂತ ಆಗ ಹೊಳೆಯಿತು.

ಪ್ರೊಸೆಸರ್ ಜೊತೆ ಬಂದ ಕೂಲರ್ ಬಗ್ಗೆ "ಸದ್ದೇ ಇಲ್ಲ" ಅಂತ ಬರೆದುಕೊಂಡಿದ್ದೆ. ಹಾಗೆ ಹೇಳಿದವರು ಹೆಡ್‌ಫೋನ್ ಹಾಕಿಕೊಂಡು ಗೇಮ್ ಆಡುವವರು. ನನ್ನ ಮೈಕ್ ಕಂಪ್ಯೂಟರ್‌ನಿಂದ ಎರಡು ಅಡಿ ದೂರದಲ್ಲಿದೆ. ಮೊದಲ ಪಾಠದ ದನಿಯ ಹಿಂದೆಯೇ ಸಣ್ಣಗೆ ಗುಂಯ್ ಅನ್ನುವ ಸದ್ದು. ಮಾತಿನ ನಡುವೆ ಬಿಡುವು ಬಂದಾಗಲೆಲ್ಲ ಎದ್ದು ಕೇಳುತ್ತಿತ್ತು. 120 ಮಿಲಿಮೀಟರ್ ಫ್ಯಾನ್ ಇರುವ ಎತ್ತರದ ಟವರ್ ಕೂಲರ್ ಹಾಕಿದ ಮೇಲೆ ಹೋಯಿತು. ದೊಡ್ಡ ಫ್ಯಾನ್ ನಿಧಾನ ತಿರುಗಿಯೇ ಅಷ್ಟು ಗಾಳಿ ತಳ್ಳುತ್ತದೆ. ನೀರಿನ ಕೂಲರ್ ಹಾಕಿ ಅಂದವರೂ ಇದ್ದರು. 88 ವಾಟ್‌ಗೆ ಅದು ಬೇಕಿಲ್ಲ, ಅದರ ಪಂಪ್‌ಗೂ ಒಂದು ಸದ್ದಿರುತ್ತದೆ.

ಎಸ್‌ಎಸ್‌ಡಿಯಲ್ಲಿ ನಾನೇ ಎಡವಿದೆ. ನನ್ನ ಮೂರು ಪ್ರಶ್ನೆಗಳನ್ನು ಇಲ್ಲಿ ಕೇಳಲಿಲ್ಲ. ತುಂಬ ಜನ ಮೆಚ್ಚಿದ್ದಾರೆ, ಸೆಕೆಂಡಿಗೆ 7000 ಎಂಬಿ ವೇಗ ಅಂತ ಬರೆದಿದೆ, ಸಾಕು ಅಂದುಕೊಂಡೆ. ಮೊದಲ ವಾರ ನಾನೂ ಮೆಚ್ಚಿದೆ. ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಆನ್ ಆಗುತ್ತಿತ್ತು. ಆಗ ಯಾರಾದರೂ ಕೇಳಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಎರಡನೇ ವಾರ ಕ್ಯಾಮೆರಾದ 300 ಜಿಬಿ ವಿಡಿಯೋವನ್ನು ಇನ್ನೊಂದು ವೇಗದ ಡ್ರೈವ್‌ನಿಂದ ಅದಕ್ಕೆ ಹಾಕಿದೆ. ಮೊದಲು ಸರ್ರನೆ ಓಡಿತು. ಅರ್ಧ ದಾಟುವ ಮೊದಲೇ ವೇಗ ಬಿದ್ದು ಹೋಯಿತು, ಸೆಕೆಂಡಿಗೆ 80 ಎಂಬಿಗೆ. ನನ್ನ ಹಳೆಯ ಹಾರ್ಡ್ ಡಿಸ್ಕ್ ಇದಕ್ಕಿಂತ ವೇಗವಾಗಿ ಬರೆಯುತ್ತಿತ್ತು!

ಓದಿ ತಿಳಿದ ಮೇಲೆ ಅರ್ಥವಾಯಿತು. ಅದು ಕ್ಯುಎಲ್‌ಸಿ ಡ್ರೈವ್. ಒಂದೊಂದು ಕೋಶದಲ್ಲೂ 4 ಬಿಟ್ ತುಂಬುತ್ತದೆ. ಜಾಗ ಜಾಸ್ತಿ ಸಿಗುತ್ತದೆ, ಬರೆಯುವುದು ನಿಧಾನ. ಇದನ್ನು ಮರೆಸಲು ಖಾಲಿ ಇರುವ ಒಂದಿಷ್ಟು ಜಾಗವನ್ನು ಕೋಶಕ್ಕೆ 1 ಬಿಟ್ ಲೆಕ್ಕದಲ್ಲಿ ತಾತ್ಕಾಲಿಕವಾಗಿ ಬಳಸುತ್ತದೆ. ಆ ಜಾಗ ತುಂಬುವವರೆಗೆ ಬಾಣದ ವೇಗ, ತುಂಬಿದ ಮೇಲೆ ನಿಜವಾದ ವೇಗ. ಡ್ರೈವ್ ತುಂಬುತ್ತಾ ಹೋದಂತೆ ಈ ತಾತ್ಕಾಲಿಕ ಜಾಗವೂ ಕುಗ್ಗುತ್ತದೆ. ಕಡತ ಬರೆಯುವವರಿಗೆ, ಗೇಮ್ ಆಡುವವರಿಗೆ ಈ ಅಂಚು ಯಾವತ್ತೂ ಮುಟ್ಟುವುದಿಲ್ಲ. ಅವರು ಮೆಚ್ಚಿದ್ದು ಸರಿಯೇ. ನಾನು ಅದನ್ನು ತಮ್ಮನ ಕಂಪ್ಯೂಟರಿಗೆ ಹಾಕಿ, ಕೋಶಕ್ಕೆ 3 ಬಿಟ್ ತುಂಬುವ ಟಿಎಲ್‌ಸಿ ಡ್ರೈವ್ ತಂದೆ, ಒಳಗೇ ಚಿಕ್ಕ ಮೆಮೊರಿ ಚಿಪ್, ಅಂದರೆ ಸ್ವಂತ ಡಿರ‍್ಯಾಮ್ ಇರುವುದು. ತಮ್ಮನಿಗೆ ಆ ಹಳೆಯ ಡ್ರೈವ್ ತುಂಬ ಇಷ್ಟ. ಇವತ್ತಿಗೂ ಹೊಗಳುತ್ತಾನೆ.

ಆರು ತಿಂಗಳ ನಂತರ ರ‍್ಯಾಮ್ ಸಾಲದೆ ಬಂತು. ನನ್ನ ಹತ್ತಿರ 16 ಜಿಬಿಯ ಎರಡು ಕಡ್ಡಿಗಳಿದ್ದವು, ಡಿಡಿಆರ್5, ವೇಗ 6000. ಎರಡು ಸ್ಲಾಟ್ ಖಾಲಿ ಇದ್ದವು. ಅದೇ ಮಾದರಿಯ ಇನ್ನೊಂದು ಜೋಡಿ ತಂದು ಹಾಕಿದರೆ ಆಯಿತಲ್ಲ? ಕೇಳಿದ ನಾಲ್ವರಲ್ಲಿ ಮೂವರು "ಹಾಕಿ, ಏನೂ ಆಗಲ್ಲ" ಅಂದರು. ಹಾಕಿದೆ. ಕಪ್ಪು ಸ್ಕ್ರೀನ್. ಈ ಸಲ ಹೆದರದೆ ಕಾದೆ. ಹದಿನೈದು ನಿಮಿಷವಾದರೂ ಕಪ್ಪೇ. ಆ ಮೂವರನ್ನು ಮತ್ತೆ ವಿಚಾರಿಸಿದೆ. ಮೂವರದೂ ಹಿಂದಿನ ತಲೆಮಾರಿನ ಡಿಡಿಆರ್4 ಕಂಪ್ಯೂಟರ್. ಅದರಲ್ಲಿ ನಾಲ್ಕು ಕಡ್ಡಿ ಹಾಕಿದರೂ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ನನ್ನ ಪ್ರೊಸೆಸರ್ ಇರುವ ರೈಜೆನ್ 7000 ಸರಣಿಗೆ ಎಎಂಡಿ ಭರವಸೆ ಕೊಡುವ ವೇಗ ಎರಡು ಕಡ್ಡಿಗೆ 5200, ನಾಲ್ಕು ಕಡ್ಡಿಗೆ ಬರೀ 3600. ಅದಕ್ಕಿಂತ ಮೇಲೆ ಓಡಿದರೆ ನಮ್ಮ ಅದೃಷ್ಟ. ವೇಗವನ್ನು 3600ಕ್ಕೆ ಇಳಿಸಿದಾಗ ಕಂಪ್ಯೂಟರ್ ಎದ್ದಿತು. ಒಂದು ವಾರ ಹಾಗೇ ನಡೆಸಿದೆ, ಮನಸ್ಸು ಒಪ್ಪಲಿಲ್ಲ. ನಾಲ್ಕೂ ಕಡ್ಡಿಗಳನ್ನು ಪರಿಚಯದವರಿಗೆ ಕೊಟ್ಟು 32 ಜಿಬಿಯ ಎರಡು ಕಡ್ಡಿ ತಂದೆ. 6000ದಲ್ಲಿ ತಕರಾರಿಲ್ಲದೆ ಓಡುತ್ತಿವೆ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಒಂದೂ ತಪ್ಪು ಬರದಿದ್ದನ್ನು ನೋಡಿದ ಮೇಲೆಯೇ ಕೆಲಸ ಶುರು ಮಾಡಿದ್ದು. ರ‍್ಯಾಮ್ ಬದಲಾಯಿಸುವ ಯಾರಿಗಾದರೂ ಈ ಒಂದು ರಾತ್ರಿ ಕೊಡಿ ಅಂತ ಬೇಡಿಕೊಳ್ಳುತ್ತೇನೆ. ಕೆಟ್ಟ ರ‍್ಯಾಮ್ ಸದ್ದಿಲ್ಲದೆ ಫೈಲ್‌ಗಳನ್ನು ಹಾಳು ಮಾಡುತ್ತದೆ.

ಇನ್ನು ಆ ಅನಾಹುತ. ಎಂಟನೇ ತಿಂಗಳು ಹಳೆಯ ಪಾಠಗಳ ಮೂಲ ವಿಡಿಯೋ ಬೇಕಾಯಿತು. ಅವು ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಲ್ಲಿದ್ದವು. ಅರ್ಧದಷ್ಟಕ್ಕೆ ಮಾತ್ರ ಬೇರೆ ಕಡೆ ನಕಲಿತ್ತು. ಹೊಸ ಎಸ್‌ಎಂಪಿಎಸ್‌ನ ಸಾಟಾ ಪವರ್ ಕೇಬಲ್ (ಡಿಸ್ಕಿಗೆ ಕರೆಂಟ್ ಕೊಡುವುದು) ಯಾವ ಡಬ್ಬದಲ್ಲಿದೆ ಅಂತ ತಕ್ಷಣಕ್ಕೆ ಸಿಗಲಿಲ್ಲ. ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಕೈಗೆ ಸಿಕ್ಕಿತು. ಹಿಂದೆ ಯಾರನ್ನೋ ಕೇಳಿದ್ದಾಗ "ಕೂತ್ಕೊಂಡ್ರೆ ಆಯ್ತು, ಎಲ್ಲಾ ಒಂದೇ" ಅಂದಿದ್ದರು. ಕೂತುಕೊಂಡಿತು, ಕಟ್ ಅಂತ ಸದ್ದು ಮಾಡಿ ಚೆನ್ನಾಗಿಯೇ ಕೂತಿತು. ಬಟನ್ ಒತ್ತಿದೆ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಸುಟ್ಟ ವಾಸನೆ ಬಂತು. ಡಿಸ್ಕ್ ತೆಗೆದರೆ ಕಂಪ್ಯೂಟರ್ ಎಂದಿನಂತೆ ಓಡುತ್ತದೆ, ಹಾಕಿದರೆ ಎದ್ದೇಳುವುದೇ ಇಲ್ಲ.

ಡಿಸ್ಕ್ ಕಡೆಯ ಸಾಟಾ ಕನೆಕ್ಟರ್ ಎಲ್ಲ ಕಡೆ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಮಾತ್ರ ಅಂಥ ನಿಯಮವಿಲ್ಲ. ಯಾವ ಪಿನ್‌ನಲ್ಲಿ 5 ವೋಲ್ಟ್, ಯಾವುದರಲ್ಲಿ 12 ಅನ್ನುವುದು ತಯಾರಕರಿಂದ ತಯಾರಕರಿಗೆ, ಕೆಲವೊಮ್ಮೆ ಮಾದರಿಯಿಂದ ಮಾದರಿಗೆ ಬೇರೆ. ಆಕಾರ ಹೊಂದಿದರೂ ಒಳಗಿನ ತಂತಿ ಹೊಂದಬೇಕಿಲ್ಲ. ನನ್ನ ಡಿಸ್ಕಿನ 5 ವೋಲ್ಟ್ ದಾರಿಯಲ್ಲಿ 12 ವೋಲ್ಟ್ ನುಗ್ಗಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷದ ಪಾಠಗಳು. ಅದರಲ್ಲಿ ಒಂದು ಕೋಶದಿಂದ ಹೊರಬರುವ ಚಿಟ್ಟೆಯದು, ಹನ್ನೊಂದು ದಿನ ಕಾದು ತೆಗೆದದ್ದು. ಮರುದಿನ ಡಿಸ್ಕ್ ರಿಪೇರಿ ಮಾಡುವವರ ಹತ್ತಿರ ಹೋದೆ. ಅವರು ಡಿಸ್ಕಿನ ಹಸಿರು ಬೋರ್ಡನ್ನು ಭೂತಗನ್ನಡಿಯಲ್ಲಿ ನೋಡಿ, ಅಕ್ಕಿಕಾಳಿನಷ್ಟು ದೊಡ್ಡ ಕಪ್ಪು ಭಾಗವೊಂದನ್ನು ತೋರಿಸಿದರು. "ಇದು ಟಿವಿಎಸ್ ಡಯೋಡ್. ವೋಲ್ಟೇಜ್ ಜಾಸ್ತಿ ಬಂದ್ರೆ ಇದು ತಾನು ಶಾರ್ಟ್ ಆಗಿ ಮಿಕ್ಕಿದ್ದನ್ನ ಉಳಿಸುತ್ತೆ. ಅದಕ್ಕೇ ಡಿಸ್ಕಲ್ಲಿ ಶಾರ್ಟ್ ಇದೆ ಅಂತ ನಿಮ್ಮ ಎಸ್‌ಎಂಪಿಎಸ್ ಗೊತ್ತು ಮಾಡ್ಕೊಂಡು ನಿಂತಿದೆ" ಅಂದರು. ಮೀಟರ್ ಇಟ್ಟು ನೋಡಿದರು. ಡಯೋಡ್ ಪೂರ್ತಿ ಶಾರ್ಟ್. ಅದನ್ನು ಬಿಸಿ ಮಾಡಿ ಕಿತ್ತರು. ಪವರ್ ಕೊಟ್ಟಾಗ ಡಿಸ್ಕ್ ಒಳಗೆ ಮೆಲ್ಲಗೆ ಸುಯ್ ಅಂತ ಸುತ್ತುವ ಸದ್ದು ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂತು. "ಈಗ ಇದಕ್ಕೆ ರಕ್ಷಣೆ ಇಲ್ಲ ಮೇಡಂ. ಮನೆಗೆ ಹೋದ ತಕ್ಷಣ ಎಲ್ಲಾ ನಕಲು ಮಾಡ್ಕೊಳ್ಳಿ, ಆಮೇಲೆ ಬಳಸ್ಬೇಡಿ" ಅಂದರು.

ಎಲ್ಲರಿಗೂ ಹೀಗೆ ಆಗುವುದಿಲ್ಲ. ಎಷ್ಟೋ ಡಿಸ್ಕ್‌ಗಳಲ್ಲಿ ಡಯೋಡ್ ದಾಟಿ ಒಳಗಿನ ಚಿಪ್‌ಗಳೂ ಸುಡುತ್ತವೆ. ಎಸ್‌ಎಸ್‌ಡಿ ಆಗಿದ್ದರೆ ಉಳಿಯುವ ಆಸೆ ಇನ್ನೂ ಕಡಿಮೆ.

ನಕಲು ಮುಗಿಯಲು ಮಧ್ಯರಾತ್ರಿಯಾಯಿತು. ಚಿಟ್ಟೆಯ ವಿಡಿಯೋ ತೆರೆದು ಕೊನೆಯವರೆಗೆ ನೋಡಿದೆ. ಒಂದು ಚೌಕಟ್ಟೂ ಕೆಟ್ಟಿರಲಿಲ್ಲ. ಮರುದಿನ ತಮ್ಮ ಬಂದು ಹಳೆಯ ಕೇಬಲ್‌ಗಳನ್ನೆಲ್ಲ ಆರಿಸಿ ಮನೆಯಿಂದಲೇ ಹೊರಗೆ ಒಯ್ದ. ಹೊಸದರ ಕೇಬಲ್‌ಗಳು ಕಪಾಟಿನ ಹಿಂದೆ ಬಿದ್ದಿದ್ದವು. ಅವನ್ನು ಒಂದು ಚೀಲಕ್ಕೆ ಹಾಕಿ, ಮೇಲೆ ಎಸ್‌ಎಂಪಿಎಸ್‌ನ ಮಾದರಿಯ ಹೆಸರು ಬರೆದು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಇದಕ್ಕೆ ಮಾತ್ರ" ಅಂತ ಸೇರಿಸಿದ. ಚೀಲ ಈಗ ಕ್ಯಾಬಿನೆಟ್ ಒಳಗೇ, ಡಿಸ್ಕ್ ಇಡುವ ಖಾಲಿ ಜಾಗದಲ್ಲಿದೆ.